ಮೇಜಿನ ಮೇಲೆ ಇಡಲಾಗದ್ದು

ಕೊಲಂಬಸ್, ಓಹಾಯೋ
3 ನವೆಂಬರ್ 2008

ಪ್ರೀತಿಯ ಸಾವಿಲ್ಲಾ ಅತ್ತೆಗೆ,

ಇದು ಕ್ಷಮೆ ಕೇಳುವ ಪತ್ರವಲ್ಲ. ಮೊದಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ನೀವು ಕೊನೆಯ ಸಾಲಿನವರೆಗೂ ಅದನ್ನೇ ಹುಡುಕುತ್ತಾ ಕೂರುತ್ತೀರಿ. ನಾನು ಚೆನ್ನಾಗಿದ್ದೇನೆ. ಕಾರು, ಕರೆಂಟು ಬೇಡವೆನ್ನುವ ನಮ್ಮ ಆಮಿಶ್ ಸಭೆಯನ್ನು ಬಿಟ್ಟು ಬಂದ ಗಂಡಹೆಂಡಿರ ಮನೆಯ ನೆಲಮಾಳಿಗೆಯಲ್ಲಿ ನನಗೊಂದು ಕೋಣೆ ಸಿಕ್ಕಿದೆ. ಹಗಲು ವೃದ್ಧಾಶ್ರಮದಲ್ಲಿ ಹಾಸಿಗೆ ಬದಲಿಸುವ ಕೆಲಸ, ಸಂಜೆ ಓದು. ತಲೆಯ ಟೋಪಿ ತೆಗೆದಿದ್ದೇನೆ, ಕೂದಲು ಕತ್ತರಿಸಿಲ್ಲ. ಇಷ್ಟನ್ನು ಅಮ್ಮನಿಗೆ ಹೇಳಿ.

ನಾನು ಮಾಡಿದ ತಪ್ಪೆಂದರೆ ದೀಕ್ಷಾಸ್ನಾನಕ್ಕೆ ಅವಸರಪಟ್ಟದ್ದು. ಜೊತೆಯ ಹುಡುಗಿಯರೆಲ್ಲ ಆ ಬೇಸಿಗೆಯಲ್ಲಿ ಸಭೆಗೆ ಸೇರುತ್ತಿದ್ದರು, ನಾನೂ ಹೋಗಿ ಸಾಲಿನಲ್ಲಿ ತಲೆ ಬಗ್ಗಿಸಿ ಕೂತೆ. ನರ್ಸಿಂಗ್ ಓದಬಹುದೇ ಎಂದು ಬಿಷಪ್ ಮಾಲನ್ ಅವರನ್ನು ಕೇಳಬೇಕಾದದ್ದು ಅದಕ್ಕೆ ಮೊದಲು, ಕೇಳಿದ್ದು ಆಮೇಲೆ. ಅವರು ಕೂಡದು ಅಂದರು. ತಲೆಗೆ ನೀರು ಬೀಳುವ ಮೊದಲೇ ಹೊರಟಿದ್ದರೆ ನಾನು ಬರೀ ದಾರಿ ತಪ್ಪಿದ ಹುಡುಗಿಯಾಗುತ್ತಿದ್ದೆ, ಕ್ರಿಸ್‌ಮಸ್ಸಿಗೆ ಬಂದು ನಿಮ್ಮ ಮೇಜಿನಲ್ಲೇ ಉಣ್ಣುತ್ತಿದ್ದೆ. ಬಿದ್ದ ಮೇಲೆ ಹೊರಟದ್ದಕ್ಕೆ ಬಹಿಷ್ಕಾರ.

ನನಗೆ ಓದು ಕಲಿಸಿದವರು ನೀವಾದ್ದರಿಂದ ಮುಂದಿನ ಯೋಜನೆ ನಿಮಗೇ ಹೇಳಬೇಕು. ನಿಮ್ಮ ಒಂದೇ ಕೋಣೆಯ ಶಾಲೆಯಲ್ಲಿ ಎಂಟನೇ ತರಗತಿಗೆ ನಿಂತ ಓದನ್ನು ಅಲ್ಲಿಂದಲೇ ಎತ್ತಿಕೊಳ್ಳಬೇಕು. ಮೊದಲು ಹೈಸ್ಕೂಲಿಗೆ ಸಮನಾದ ಪರೀಕ್ಷೆ. ಆಮೇಲೆ ನರ್ಸಿಂಗ್ ಪದವಿ, ಅದರಲ್ಲೂ ರಸಾಯನಶಾಸ್ತ್ರದಲ್ಲಿ ಒಳ್ಳೆಯ ಅಂಕ. ಆಮೇಲೆ ತೀವ್ರ ನಿಗಾ ಘಟಕದಲ್ಲಿ, ಯಂತ್ರದ ಸಹಾಯದಿಂದ ಉಸಿರಾಡುವವರ ನಡುವೆ, ಒಂದೆರಡು ವರ್ಷ ಕೆಲಸ. ಅಷ್ಟಾದ ಮೇಲೆ ಅರಿವಳಿಕೆ ನರ್ಸ್ ಆಗುವ ಕೋರ್ಸಿಗೆ ಅರ್ಜಿ ಹಾಕಬಹುದು. ಅದು ಇನ್ನೂ ಮೂರು ವರ್ಷ. ಎಲ್ಲೂ ಎಡವದಿದ್ದರೆ ಮೂವತ್ತು ದಾಟುವ ಹೊತ್ತಿಗೆ ಮುಗಿದೀತು. ಈಗ ನನಗೆ ಹತ್ತೊಂಬತ್ತು.

ಯಾಕೆ ಅದೇ ಬೇಕು ಎಂದು ಕೇಳುತ್ತೀರಿ. ಅಮ್ಮನಿಗೆ ಕೊನೆಯ ಹೆರಿಗೆ ಕಷ್ಟವಾಗಿ ಊರಿನ ಸಣ್ಣ ಆಸ್ಪತ್ರೆಗೆ ಓಡಿದಾಗ ಜೊತೆಗಿದ್ದವಳು ನಾನು. ಅವಳನ್ನು ಒಳಗೆ ತಳ್ಳಿಕೊಂಡು ಹೋಗುವಾಗ ತಲೆಯ ಹತ್ತಿರ ನಡೆಯುತ್ತಿದ್ದ ಹೆಂಗಸು, ಡಾರ್ಲೀನ್ ಅಂತ, ತಿರುಗಿ ನನಗೆ ಹೇಳಿದ್ದು ಇಷ್ಟೇ: "ನಿಮ್ಮಮ್ಮನ ಉಸಿರು ಇನ್ನು ನನ್ನ ಹತ್ರ ಇರುತ್ತೆ, ನೀನು ಹೋಗಿ ಏನಾದ್ರೂ ತಿನ್ನು." ಅವಳು ಡಾಕ್ಟರಲ್ಲ, ಅರಿವಳಿಕೆ ನರ್ಸ್. ಆ ಆಸ್ಪತ್ರೆಯಲ್ಲಿ ಆ ಕೆಲಸಕ್ಕೆ ಅವಳನ್ನು ಬಿಟ್ಟು ಬೇರೆ ಯಾರೂ ಇರಲಿಲ್ಲ. ಆ ಮಾತು ಇನ್ನೊಬ್ಬರಿಗೆ ಹೇಳುವ ಹಕ್ಕು ನನಗೆ ಬೇಕು.

ಉತ್ತರ ಬರೆಯುತ್ತೀರೋ ಇಲ್ಲವೋ ತಿಳಿಯದು. ಬರೆಯದಿದ್ದರೂ ನಾನು ಬರೆಯುತ್ತೇನೆ.

ಕೆಟೂರಾ

*

ಹೋಮ್ಸ್ ಕೌಂಟಿ
20 ನವೆಂಬರ್ 2008

ಕೆಟೂರಾಳಿಗೆ,

ಬಹಿಷ್ಕಾರವಾದವಳ ಕೈಯಿಂದ ನಾನು ಏನನ್ನೂ ತೆಗೆದುಕೊಳ್ಳುವ ಹಾಗಿಲ್ಲ. ನೀನು ಕೊಟ್ಟದ್ದನ್ನು ಮೇಜಿನ ಮೇಲೆ ಇಟ್ಟರೆ, ಅಲ್ಲಿಂದ ಎತ್ತಿಕೊಳ್ಳಬಹುದು. ನಿನ್ನ ಪತ್ರ ಬಂದದ್ದು ಅಂಚೆಯವನ ಕೈಯಿಂದ. ಅವನು ನಮ್ಮ ಸಭೆಯ ಹೊರಗಿನವನು, ನಾವು ಇಂಗ್ಲಿಷರು ಅನ್ನುತ್ತೇವಲ್ಲ ಅವರ ಪೈಕಿ, ಬಾಯಲ್ಲಿ ಸದಾ ಹೊಗೆಸೊಪ್ಪು, ಆದರೆ ಬಹಿಷ್ಕಾರವೇನೂ ಇಲ್ಲ. ಆದ್ದರಿಂದ ಬರೆಯಬಹುದು ಎಂದು ನಾನು ತೀರ್ಮಾನಿಸಿದ್ದೇನೆ. ಬಿಷಪ್ಪರನ್ನು ಕೇಳಲು ಹೋಗಿಲ್ಲ. ಕೇಳಿ ಕೆಟ್ಟವಳು ನೀನೊಬ್ಬಳು ಸಾಕು.

ಇನ್ನೊಂದು ಮಾತು ನಮ್ಮಿಬ್ಬರ ನಡುವೆ ಮುಚ್ಚುಮರೆಯಾಗಿ ಇರುವುದು ಬೇಡ. ನಿನ್ನ ಬಹಿಷ್ಕಾರಕ್ಕೆ ಸಾಲಿನಲ್ಲಿ ಎಲ್ಲರೂ ಹೂಂ ಅಂದರು, ನನ್ನ ಸರದಿ ಬಂದಾಗ ನಾನೂ ಅಂದೆ. ಮಾತು ಕೊಟ್ಟು ಮುರಿದವಳು ನೀನು. ಈಗಲೂ ಕೇಳಿದರೆ ಹಾಗೇ ಹೇಳುತ್ತೇನೆ.

ನಿನ್ನಪ್ಪ, ನನ್ನ ಅಣ್ಣ, ನಿನ್ನ ಹೆಸರೆತ್ತುವುದಿಲ್ಲ. ನಿನ್ನಮ್ಮನೂ ಎತ್ತುವುದಿಲ್ಲ, ಆದರೆ ನಾನು ಪತ್ರ ಓದುವಾಗ ಪಕ್ಕದಲ್ಲೇ ಸೇಬು ಹೆಚ್ಚುತ್ತಾ ಕೂತಿದ್ದಳು. ಕೂದಲಿನ ಸುದ್ದಿಗೆ ಚಾಕು ಒಂದು ಕ್ಷಣ ನಿಂತಿತು.

ಯೋಜನೆಯಂತೆ ಯೋಜನೆ. ಭಿನ್ನರಾಶಿ ಕೂಡಿಸು ಅಂದರೆ ಕಿಟಕಿಯಾಚೆ ಕುದುರೆ ನೋಡುತ್ತಿದ್ದವಳು ಮೂವತ್ತು ದಾಟುವವರೆಗೂ ಓದುತ್ತಾಳಂತೆ. ಚಳಿಗಾಲ ಕಳೆಯಲಿ. ವಸಂತದಲ್ಲಿ ಬಂದು ಸಭೆಯ ಮುಂದೆ ಮೊಣಕಾಲೂರಿದರೆ ಎಲ್ಲ ಸರಿಹೋಗುತ್ತದೆ, ನಿನ್ನ ಹಾಸಿಗೆಯನ್ನು ಇನ್ನೂ ಯಾರಿಗೂ ಕೊಟ್ಟಿಲ್ಲ.

ಸಾವಿಲ್ಲಾ

*

ಕೊಲಂಬಸ್
14 ಜೂನ್ 2009

ಅತ್ತೆ,

ವಸಂತ ಕಳೆಯಿತು, ನಾನು ಬರಲಿಲ್ಲ. ಹಾಸಿಗೆಯನ್ನು ಯಾರಿಗಾದರೂ ಕೊಟ್ಟುಬಿಡಿ.

ಪರೀಕ್ಷೆ ಪಾಸಾಯಿತು. ಲೆಕ್ಕದಲ್ಲಿ ಎಷ್ಟು ಚೆನ್ನಾಗಿ ಬಂತೆಂದರೆ ಕೋಣೆಯಲ್ಲಿ ಕಾವಲಿಗಿದ್ದವರು "ಯಾವ ಸ್ಕೂಲಮ್ಮ ನಿಂದು?" ಅಂತ ಕೇಳಿದರು. "ನಮ್ಮತ್ತೆ ಸ್ಕೂಲು" ಅಂದೆ. ಕುದುರೆ ನೋಡುತ್ತಲೇ ನಿಮ್ಮ ಭಿನ್ನರಾಶಿಯೂ ಕಿವಿಗೆ ಬೀಳುತ್ತಿತ್ತು. ಶರತ್ಕಾಲದಿಂದ ಕಾಲೇಜು.

ನರ್ಸ್ ಆದರೆ ಸಾಲದೇ, ಅಷ್ಟಕ್ಕೇ ನಿಲ್ಲಬಾರದೇ ಎಂದು ಇಲ್ಲೂ ಎಲ್ಲರೂ ಬುದ್ಧಿ ಹೇಳುತ್ತಾರೆ. ಮನೆ ಕೊಟ್ಟವರು ಹೇಳುತ್ತಾರೆ, ಕಾಲೇಜಿನ ಸಲಹೆಗಾರ್ತಿ ನನ್ನ ಎಂಟನೇ ತರಗತಿಯ ಕಾಗದ ನೋಡಿ, "ಚಿಕ್ಕ ಚಿಕ್ಕ ಗುರಿ ಇಟ್ಕೊಳ್ಳೋದು ಒಳ್ಳೇದು" ಅಂದಳು. "ದೊಡ್ಡದು ನನ್ನ ಹತ್ರ ಆಗಲೇ ಇದೆ, ಚಿಕ್ಕದು ಬೇಕಾದ್ರೆ ನೀವಿಟ್ಕೊಳ್ಳಿ" ಅಂದುಬಿಟ್ಟೆ. ನಮ್ಮಲ್ಲಿ ಇದಕ್ಕೆ ಗರ್ವ ಎನ್ನುತ್ತಾರೆ, ಗೊತ್ತು. ಎರಡೂ ಕಡೆಯವರಿಗೆ ನಾನು ಗಿಡ್ಡವಾಗಿರಬೇಕೆಂದು ಯಾಕಿಷ್ಟು ಆಸೆ ಎಂಬುದು ಮಾತ್ರ ನನಗೆ ಅರ್ಥವಾಗಿಲ್ಲ.

ಮೊಣಕಾಲಿನ ವಿಷಯ ಇನ್ನೊಮ್ಮೆ ಬರೆಯಬೇಡಿ.

ಕೆಟೂರಾ

*

ಹೋಮ್ಸ್ ಕೌಂಟಿ
2 ಸೆಪ್ಟೆಂಬರ್ 2009

ಕೆಟೂರಾಳಿಗೆ,

ಬರೆಯುವುದಿಲ್ಲ.

ನಮ್ಮತ್ತೆ ಸ್ಕೂಲು ಅಂದೆಯಂತೆ. ಹಾಗೆಲ್ಲ ಹೆಸರು ಹಾಳು ಮಾಡಬೇಡ. ನನ್ನ ಶಾಲೆಗೆ ಈ ವರ್ಷ ಹೊಸ ಒಲೆ ಬಂತು. ಮಳೆ ಬಿಟ್ಟಿದೆ, ಟೊಮೇಟೊ ಬಾಟಲಿಗೆ ತುಂಬುವುದು ಮುಗಿಯಿತು. ನಿನ್ನಮ್ಮನ ಕಾಲುನೋವು ಹಾಗೇ ಇದೆ.

ಆ ರಸಾಯನಶಾಸ್ತ್ರ ಅಂದರೆ ಏನು ಓದಿಸುತ್ತಾರೆ? ಸುಮ್ಮನೆ ಕೇಳುತ್ತಿದ್ದೇನೆ. ನಿನಗೆ ಬೇಡವಾದ ಹಳೆಯ ಪುಸ್ತಕ ಇದ್ದರೆ ಅಂಚೆಯಲ್ಲಿ ಹಾಕು, ಅಂಚೆಯವನಿಗೆ ಹೇಗೂ ಕೆಲಸವಿಲ್ಲ. ಇನ್ನೊಂದು ಪ್ರಶ್ನೆ. ಹಾಗೆ ಮದ್ದು ಕೊಟ್ಟು ಮಲಗಿಸಿದವರು ನಡುವೆ ಹೆದರಿದರೆ ಯಾರಿಗೆ ಗೊತ್ತಾಗುತ್ತದೆ?

ಸಾವಿಲ್ಲಾ

*

ಕೊಲಂಬಸ್
27 ಜನವರಿ 2013

ಅತ್ತೆ,

ಅಜ್ಜನ ಮಣ್ಣಿಗೆ ಬಂದದ್ದು ಅಜ್ಜನಿಗಾಗಿ. ಮೂಲೆಯಲ್ಲಿ ಸಣ್ಣ ಮೇಜು ಹಾಕಿ, ಅದಕ್ಕೆ ಬೇರೆ ಬಟ್ಟೆ ಹಾಸಿ, ನನ್ನೊಬ್ಬಳನ್ನೇ ಕೂರಿಸಿದಿರಿ. ಅದಕ್ಕೆ ನಾನು ತಯಾರಾಗಿಯೇ ಬಂದಿದ್ದೆ. ಆಲೂಗಡ್ಡೆ ತಿಂದೆ, ಬ್ರೆಡ್ ತಿಂದೆ, ಅಳಲಿಲ್ಲ.

ಕಾಫಿಗೆ ಮಾತ್ರ ತಯಾರಾಗಿರಲಿಲ್ಲ. ಅಡುಗೆಮನೆಯಲ್ಲಿ ಆಗ ಇದ್ದವರು ನಾನು, ನೀವು, ಅಮ್ಮ. ನೀವು ಬೆಳಗಿನಿಂದ ನಿಂತೇ ಇದ್ದಿರಿ, ಮುಖ ಬಾಡಿತ್ತು. ನಾಲ್ಕು ವರ್ಷ ಪತ್ರ ಬರೆದಿದ್ದೀರಿ, ನನ್ನ ಪುಸ್ತಕದ ಅಂಚಿನಲ್ಲಿ ಪ್ರಶ್ನೆ ಗೀಚಿ ವಾಪಸು ಕಳಿಸಿದ್ದೀರಿ. ಆ ಧೈರ್ಯದ ಮೇಲೆ ಕಪ್ ಹಿಡಿದು ಬಂದೆ. "ಮೇಜಿನ್ ಮೇಲಿಡು" ಅಂದಿರಿ. ನನ್ನ ಮುಖವನ್ನೂ ನೋಡಲಿಲ್ಲ.

ನಾನು ಈಗ ಆಸ್ಪತ್ರೆಯಲ್ಲಿ ತರಬೇತಿಯಲ್ಲಿದ್ದೇನೆ. ಗುರುತಿಲ್ಲದವರು ನನ್ನ ಕೈಯಿಂದ ನೀರು ಕುಡಿಯುತ್ತಾರೆ, ಔಷಧಿ ನುಂಗುತ್ತಾರೆ, ಸಾಯುವಾಗ ಇದೇ ಕೈ ಹಿಡಿದುಕೊಳ್ಳುತ್ತಾರೆ. ನನ್ನ ಕೈಗೆ ಏನಾಗಿದೆ ಅತ್ತೆ?

ಕೆಟೂರಾ

*

ಹೋಮ್ಸ್ ಕೌಂಟಿ
11 ಫೆಬ್ರುವರಿ 2013

ಕೆಟೂರಾಳಿಗೆ,

ಕಾಫಿ ಚೆನ್ನಾಗಿತ್ತು. ಸಕ್ಕರೆ ಸ್ವಲ್ಪ ಹೆಚ್ಚು.

ಸಾವಿಲ್ಲಾ

*

ಕೊಲಂಬಸ್
9 ಮೇ 2015

ಅತ್ತೆ,

ನಿಮ್ಮ ಆ ಒಂದು ಸಾಲಿಗೆ ಎರಡು ವರ್ಷ ಉತ್ತರ ಬರೆಯಲಿಲ್ಲ. ನಿಮ್ಮದು ಕಲ್ಲು ಮನಸ್ಸು ಎಂದುಕೊಂಡಿದ್ದೆ. ಈಗಲೂ ಅದನ್ನು ಪೂರ್ತಿ ಬಿಟ್ಟಿಲ್ಲ. ಇವತ್ತು ಬರೆಯುತ್ತಿರುವುದು ಬೇರೆ ಯಾರಿಗೆ ಬರೆಯಬೇಕೆಂದು ತೋಚದೆ.

ಪದವಿ ಮುಗಿಯಿತು. ತೀವ್ರ ನಿಗಾ ಘಟಕದಲ್ಲಿ ಕೆಲಸಕ್ಕೆ ಸೇರಿ ವರ್ಷ ಸಮೀಪಿಸುತ್ತಿದೆ. ಅರಿವಳಿಕೆ ನರ್ಸ್ ಒಬ್ಬರ ಹಿಂದೆ ಹಿಂದೆ ತಿರುಗಿ ಶಸ್ತ್ರಚಿಕಿತ್ಸೆಯ ಕೋಣೆಯಲ್ಲಿ ನಿಂತು ಕೆಲಸ ನೋಡಿದೆ. ಮಲಗಿಸಿದವರು ನಡುವೆ ಹೆದರಿದರೆ ಯಾರಿಗೆ ಗೊತ್ತಾಗುತ್ತದೆ ಎಂದು ನೀವು ಕೇಳಿದ್ದಿರಿ. ತಲೆಯ ಹತ್ತಿರ ಕೂತವಳಿಗೆ ಗೊತ್ತಾಗುತ್ತದೆ. ನಾಡಿ ಏರುತ್ತದೆ, ರಕ್ತದೊತ್ತಡ ಏರುತ್ತದೆ, ಕೆಲವರಿಗೆ ಮುಚ್ಚಿದ ಕಣ್ಣಂಚಿನಲ್ಲಿ ನೀರು ಬರುತ್ತದೆ. ಅವಳ ಕೆಲಸವೇ ಅದನ್ನು ನೋಡುವುದು.

ಕೋರ್ಸಿಗೆ ಅರ್ಜಿ ಹಾಕಿದೆ. ತಿರಸ್ಕರಿಸಿದರು. ರಸಾಯನಶಾಸ್ತ್ರದ ಅಂಕ ಸಾಲದಂತೆ. ಅಜ್ಜ ತೀರಿಕೊಂಡ ಚಳಿಗಾಲದ ಪರೀಕ್ಷೆ ಅದು. ಸಂದರ್ಶನಕ್ಕೂ ಕರೆಯಲಿಲ್ಲ.

ಸದ್ಯ ಮುಗಿಯಿತಲ್ಲ, ಮನೆಗೆ ಬಾ ಅಂತ ಹೇಳಿಬಿಡಿ. ಹೇಗೂ ಹೇಳುತ್ತೀರಿ.

ಕೆಟೂರಾ

*

ಹೋಮ್ಸ್ ಕೌಂಟಿ
15 ಮೇ 2015

ಕೆಟೂರಾ,

ಮನೆಗೆ ಬಾ ಅಂತ ಯಾರು ಹೇಳಿದರು? ನಾನಂತೂ ಹೇಳಲಿಲ್ಲ. ಒಂದು ವಿಷಯದ ಅಂಕ ನೋಡಿ ಬಾಗಿಲು ಹಾಕಿಕೊಂಡರಂತೆ. ಏಳು ವರ್ಷ ಹಲ್ಲು ಕಚ್ಚಿ ಓದಿದವಳನ್ನು ಮುಖ ನೋಡದೆ ವಾಪಸು ಕಳಿಸುವುದು ಯಾವ ಶಾಲೆಯ ಪದ್ಧತಿ? ನನ್ನ ಶಾಲೆಯಲ್ಲಿ ಲೆಕ್ಕ ತಪ್ಪಿದವರನ್ನು ಹಲಗೆಯ ಮುಂದೆ ನಿಲ್ಲಿಸಿ ಇನ್ನೊಮ್ಮೆ ಮಾಡಿಸುತ್ತೇನೆ. ಆ ವಿಷಯದ ಪರೀಕ್ಷೆಗೆ ಇನ್ನೊಮ್ಮೆ ಕೂರಬಹುದೋ ಇಲ್ಲವೋ ಕೇಳಿ ತಿಳಿದುಕೋ. ಕೂರಬಹುದಾದರೆ ಕೂರು.

ನೀನು ಕಳಿಸಿದವುಗಳಲ್ಲಿ ನನ್ನ ಬಳಿಯೇ ಉಳಿದ ಪುಸ್ತಕದ ಹನ್ನೊಂದನೇ ಅಧ್ಯಾಯ ನಾನು ಮೂರು ಸಲ ಓದಿದೆ, ಅನಿಲಗಳದ್ದು. ಅದರಲ್ಲಿ ಅಂಥ ಬ್ರಹ್ಮವಿದ್ಯೆ ಏನೂ ಇಲ್ಲ. ನನಗೇ ಅರ್ಥವಾಗಿದೆ ಅಂದಮೇಲೆ ನಿನಗೇನು ಧಾಡಿ.

ನಿನ್ನಮ್ಮ ಮೊದಲ ಸಲ ಬಾಯಿ ಬಿಟ್ಟಳು. "ಡಾರ್ಲೀನ್ ಅಲ್ವಾ ಅವಳ ಹೆಸರು? ಕೈ ಬೆಚ್ಚಗಿತ್ತು" ಅಂದಳು. ಅಷ್ಟು ಹೇಳಿ ಮತ್ತೆ ಹಿಟ್ಟು ನಾದತೊಡಗಿದಳು.

ಸಾವಿಲ್ಲಾ

*

ಹೋಮ್ಸ್ ಕೌಂಟಿ
18 ಆಗಸ್ಟ್ 2016

ಕೆಟೂರಾ,

ರಸಾಯನಶಾಸ್ತ್ರದಲ್ಲಿ ಈ ಸಲ ಪೂರ್ತಿ ಅಂಕ ಬಂದದ್ದನ್ನು ಬರೆದೆ, ಮತ್ತೆ ಅರ್ಜಿ ಹಾಕಿದ್ದನ್ನು ಬರೆದೆ, ಜುಲೈ ಪೂರ್ತಿ ನಿಮ್ಮಲ್ಲಿ ಸೆಕೆ ಎಂದು ಕೂಡ ಬರೆದೆ. ಬಿಷಪ್ ಮಾಲನ್ ಆಸ್ಪತ್ರೆಯಲ್ಲಿ ನೀನು ನೋಡಿಕೊಳ್ಳುವ ಕೋಣೆಯಲ್ಲೇ ಮಲಗಿದ್ದನ್ನು ಮಾತ್ರ ಬರೆಯಲಿಲ್ಲ.

ನನಗೆ ತಿಳಿದದ್ದು ಅವರ ಹೆಂಡತಿಯಿಂದ, ಕೌದಿ ಹೊಲಿಯಲು ಹೆಂಗಸರೆಲ್ಲ ಸೇರಿದ್ದಾಗ. ಅಟ್ಟದಿಂದ ಬಿದ್ದು ಪಕ್ಕೆಲುಬು, ಎರಡೂ ತೋಳು ಎಲ್ಲ ಮುರಿದು ಅವರನ್ನು ಹೆಲಿಕಾಪ್ಟರಿನಲ್ಲಿ ಕೊಲಂಬಸ್ಸಿಗೆ ಒಯ್ದದ್ದು ಎಲ್ಲರಿಗೂ ಗೊತ್ತಿತ್ತು. ಮುಂದಿನದು ಗೊತ್ತಿರಲಿಲ್ಲ. "ಆ ಹುಡುಗೀನೇ ಕಣ್ರೇ," ಅಂದಳು ಅವಳು. "ಫೋಟೋ ತೆಗೆಯೋ ಯಂತ್ರದ ಹತ್ರ ಕರ್ಕೊಂಡ್ ಹೋಗ್ವಾಗ ಕೈಯಲ್ಲಿ ಗಾಳಿ ಚೀಲ ಹಿಂಡ್ತಾ ಹಿಂಡ್ತಾ ಇವರ ಪಕ್ಕಾನೇ ನಡ್ಕೊಂಡು ಹೋದ್ಲು. ಅವ್ಳು ಹಿಂಡಿದ್ರೆ ಇವ್ರ ಎದೆ ಏರೋದು, ಬಿಟ್ರೆ ಇಳಿಯೋದು."

ಆಮೇಲೆ ಅವರ ಗಂಟಲಿನ ನಳಿಗೆ ತೆಗೆದು ಎಚ್ಚರವಾದಾಗ ನೀನು ನೀರು ಹಿಡಿದೆಯಂತೆ. ಅವರು ಗುರುತು ಹಿಡಿದು ನಮ್ಮ ಭಾಷೆಯಲ್ಲೇ "ಮೇಜಿನ್ ಮೇಲಿಡಮ್ಮ" ಅಂದರಂತೆ. ಎರಡೂ ತೋಳಿಗೆ ಪಟ್ಟಿ ಹಾಕಿಸಿಕೊಂಡ ಮನುಷ್ಯ ಮೇಜಿನಿಂದ ಅದನ್ನು ಹೇಗೆ ಎತ್ತಿಕೊಳ್ಳುತ್ತಾನೋ ದೇವರೇ ಬಲ್ಲ. ನೀನು ಇಟ್ಟೆಯಂತೆ. ಇಟ್ಟು ಹೇಳಿದೆಯಂತೆ: "ಇಟ್ಟಿದ್ದೀನಿ. ಆದ್ರೆ ಇಷ್ಟು ದಿನ ನಿಮ್ಮ ಉಸಿರು ಇದೇ ಕೈಲಿತ್ತು. ಅದನ್ನ ಯಾವ ಮೇಜಿನ ಮೇಲೆ ಇಡಬೇಕಿತ್ತು, ನೀವೇ ಹೇಳಿ."

ಕೊನೆಗೆ ಅವರ ಹೆಂಡತಿಯೇ ಮೇಜಿನಿಂದ ಎತ್ತಿ ಕುಡಿಸಿದಳಂತೆ.

ನನಗೆ ಯಾಕೆ ಹೇಳಲಿಲ್ಲ ನೀನು?

ಸಾವಿಲ್ಲಾ

*

ಕೊಲಂಬಸ್
24 ಆಗಸ್ಟ್ 2016

ಅತ್ತೆ,

ನೀವು ಯಾರ ಬಗ್ಗೆ ಕೇಳುತ್ತಿದ್ದೀರೋ ನನಗೆ ತಿಳಿಯದು. ನನ್ನ ಕೈಕೆಳಗೆ ಯಾರು ಮಲಗಿದ್ದರು, ಏನಾಗಿತ್ತು, ಏನಂದರು ಎಂದು ಹೊರಗೆ ಹೇಳುವ ಹಾಗಿಲ್ಲ. ಅದು ನನ್ನ ಕಸುಬಿನ ನಿಯಮ. ನಿಮಗೆ ನಿಮ್ಮ ನಿಯಮ ಹೇಗೋ ನನಗೆ ಇದು ಹಾಗೆ. ನಾನು ಕೊಟ್ಟ ಮಾತನ್ನೆಲ್ಲ ಮುರಿಯುವವಳು ಎಂದು ಸಭೆಯಲ್ಲಿ ಹೇಳಿದರಲ್ಲ, ಈ ಮಾತನ್ನು ಮುರಿದಿಲ್ಲ. ಮುರಿಯಲು ಎಷ್ಟು ಆಸೆಯಾಗಿತ್ತೆಂದು ಮಾತ್ರ ಹೇಳಬಲ್ಲೆ.

ಅಕ್ಟೋಬರ್ ಮೊದಲ ವಾರ ಸಂದರ್ಶನಕ್ಕೆ ಕರೆದಿದ್ದಾರೆ. ಈ ಸಲವೂ ಬೇಡವೆಂದರೆ ಮುಂದಿನ ವರ್ಷ ಹಾಕುತ್ತೇನೆ, ಅದರ ಮುಂದಿನ ವರ್ಷವೂ. ಅವರಿಗೆ ಸುಸ್ತಾಗುವವರೆಗೆ ನನಗೆ ಸುಸ್ತಾಗುವುದಿಲ್ಲ.

ಕೆಟೂರಾ

*

ಹೋಮ್ಸ್ ಕೌಂಟಿ
10 ಅಕ್ಟೋಬರ್ 2016

ಕೆಟೂರಾ,

ಸಂದರ್ಶನ ಹೇಗಾಯಿತೆಂದು ಬರೆ. ಇಲ್ಲಿ ನನಗೂ ಒಂದು ಸಂದರ್ಶನವಾಯಿತು.

ರೊಟ್ಟಿ, ದ್ರಾಕ್ಷಾರಸ ಹಂಚಿಕೊಳ್ಳುವ ಶರತ್ಕಾಲದ ಪ್ರಭುಭೋಜನಕ್ಕೆ ಎರಡು ವಾರ ಮೊದಲು ಸಭೆಯಲ್ಲಿ ಒಬ್ಬೊಬ್ಬರನ್ನೂ ಕೇಳುತ್ತಾರಲ್ಲ, ಎಲ್ಲ ನಿಯಮಕ್ಕೂ ಸಮ್ಮತವೇ, ಮನಸ್ಸಿನಲ್ಲಿ ಶಾಂತಿ ಇದೆಯೇ ಅಂತ. ಗಂಡಸರ ಸಾಲು ಮುಗಿದು ನಮ್ಮ ಕಡೆಗೆ ಬಂತು. ಮೂವತ್ತು ವರ್ಷದಿಂದ ವರ್ಷಕ್ಕೆ ಎರಡು ಸಲ ಹೂಂ ಅಂದಿದ್ದೇನೆ. ಈ ಸಲ ಬಾಯಿ ಅದನ್ನು ಹೇಳಲಿಲ್ಲ.

"ಒಂದು ನಿಯಮಕ್ಕೆ ನನ್ನ ಸಮ್ಮತಿ ಇಲ್ಲ," ಅಂದೆ. "ಕೆಟೂರಾ ಕೈಯಿಂದ ಬಿಷಪ್ಪರು ಉಸಿರು ತಗೊಂಡಿದಾರೆ. ಅದು ತಪ್ಪು ಅಂತ ನಾನು ಹೇಳ್ತಿಲ್ಲ. ದೇವರು ದೊಡ್ಡವನು, ಅವರು ಬದುಕಿದ್ರು. ಆದ್ರೆ ಅವರು ಉಸಿರು ತಗೋಬಹುದು ಅಂದ್ರೆ ನಾನು ಒಂದು ಕಪ್ ಕಾಫಿ ತಗೋಬಹುದು."

ಬಿಷಪ್ ಮಾಲನ್ ಕೋಪಿಸಿಕೊಳ್ಳಲಿಲ್ಲ. ತೋಳು ಇನ್ನೂ ಜೋಲಿಯಲ್ಲಿದೆ. "ನನಗೆ ಎಚ್ಚರ ಇರ್ಲಿಲ್ಲ, ಸಾವಿಲ್ಲಾ" ಅಂದರು. "ನನಗೆ ಇದೆ" ಅಂದೆ. ವಸಂತದವರೆಗೂ ಯೋಚಿಸಲು ಸಮಯ ಕೊಟ್ಟಿದ್ದಾರೆ. ಅಷ್ಟರೊಳಗೆ ನಿಯಮ ಮುರಿದರೆ ಅದರ ಫಲ ನನಗೆ ಗೊತ್ತು.

ಆವತ್ತು ಅಜ್ಜನ ಮಣ್ಣಿನ ದಿನ ನಿನ್ನ ಮುಖ ನೋಡದೆ ಇದ್ದದ್ದು, ನೋಡಿದ್ದರೆ ಕಪ್ ತೆಗೆದುಕೊಂಡುಬಿಡುತ್ತಿದ್ದೆ ಎಂದು. ನಿನಗೆ ಇದು ಗೊತ್ತಿರಬೇಕು.

ಸಾವಿಲ್ಲಾ

*

ಕೊಲಂಬಸ್
16 ನವೆಂಬರ್ 2016

ಅತ್ತೆ,

ಸಿಕ್ಕಿತು. ಮೇ ತಿಂಗಳಿಂದ ಶುರು.

ಸಂದರ್ಶನದಲ್ಲಿ ಐದು ಜನ ಇದ್ದರು. ಎಂಟನೇ ತರಗತಿಗೆ ಶಾಲೆ ಮುಗಿಸಿದ್ದು ಯಾಕೆ ಎಂದು ಒಬ್ಬರು ಕೇಳಿದರು. "ಅಲ್ಲಿ ಅಷ್ಟೇ ಇತ್ತು. ಇದ್ದಷ್ಟನ್ನೂ ಕಲಿತು ಬಂದಿದ್ದೀನಿ" ಅಂದೆ. ಮೂರು ವರ್ಷ ಮನೆಯವರ ಆಸರೆ ಇಲ್ಲದೆ ಹೇಗೆ ತಡೆದುಕೊಳ್ಳುತ್ತೀಯ ಎಂದು ಇನ್ನೊಬ್ಬರು ಕೇಳಿದಾಗ, ನಿಮ್ಮ ಅಕ್ಟೋಬರ್ ಪತ್ರ ಇನ್ನೂ ನನಗೆ ಬಂದಿರಲಿಲ್ಲ. ಆದರೂ ನನಗೊಬ್ಬರು ಅತ್ತೆ ಇದ್ದಾರೆ ಎಂದು ಹೇಳಿದೆ. ಯಾವ ಧೈರ್ಯದ ಮೇಲೆ ಹೇಳಿದೆನೋ.

ನಿಮ್ಮ ಪತ್ರ ಓದಿ ಸಂತೋಷಕ್ಕಿಂತ ಹೆಚ್ಚಾಗಿ ಹೆದರಿಕೆಯಾಯಿತು. ನನಗಾಗಿ ಇದನ್ನು ಮಾಡಬೇಡಿ. ನಾನು ಹೊರಟಾಗ ಎಲ್ಲಿಗೆ ಹೋಗಬೇಕೆಂದು ನನಗೆ ಗೊತ್ತಿತ್ತು. ನಿಮಗೆ ಇರುವುದು ಅದೊಂದು ಊರು, ಅದೊಂದು ಶಾಲೆ. ಮೇಜಿನ ಮೇಲಿಟ್ಟರೂ ಕಾಫಿ ಅದೇ ಕಾಫಿ, ನಾನು ಅದಕ್ಕೆ ಒಗ್ಗಿಕೊಂಡಿದ್ದೇನೆ.

ಶನಿವಾರ ಬರುತ್ತೇನೆ. ಅಮ್ಮನಿಗೆ ಹೇಳಿ.

ಕೆಟೂರಾ

*

ಹೋಮ್ಸ್ ಕೌಂಟಿ
12 ಡಿಸೆಂಬರ್ 2016

ಕೆಟೂರಾ,

ಒಗ್ಗಿಕೊಂಡಿದ್ದೇನೆ ಎಂದು ನೀನು ಬರೆದಿದ್ದೆ. ಆ ಶನಿವಾರ ನೋಡಿದೆ, ನಿಜವಾಗಿ ಒಗ್ಗಿಕೊಂಡಿದ್ದೀಯ. ಕಪ್ ಹಿಡಿದು ಬಂದವಳು ನನ್ನ ಕಡೆ ನೋಡದೆ ಸೀದಾ ಮೇಜಿನ ಕಡೆ ತಿರುಗಿದೆ. "ಅಲ್ಲಿಡಬೇಡ ಕಣೇ, ಇತ್ತ ಕೊಡು" ಅಂದು ನಿನ್ನ ಕೈಯಿಂದ ಕಪ್ ತೆಗೆದುಕೊಂಡದ್ದು ನಿನಗಾಗಿ ಅಲ್ಲ. ನನ್ನ ಅಣ್ಣನ ಮಗಳು ಎಂಟು ವರ್ಷದಲ್ಲಿ ಅಂಥದೊಂದನ್ನು ಕಲಿತಳಲ್ಲ, ಅದನ್ನು ಕಲಿಸಿದವರಲ್ಲಿ ನಾನೂ ಒಬ್ಬಳು, ಅದಕ್ಕೆ.

ಬಾಗಿಲಲ್ಲಿ ನಿಂತಿದ್ದ ನಿನ್ನಪ್ಪ ನೋಡಿದ. ಸುಮ್ಮನಿದ್ದರೂ ಇರಬಹುದಿತ್ತು, ಆದರೆ ಅವನ ಹೊಟ್ಟೆಯಲ್ಲಿ ಸುಳ್ಳು ನಿಲ್ಲುವುದಿಲ್ಲ, ಅದೂ ನಮ್ಮ ಮನೆಯ ಗುಣವೇ. ಕೇಳಿದಾಗ ಹೇಳಿದ. ನನ್ನನ್ನು ಕೇಳಿದಾಗ ನಾನೂ ಹೇಳಿದೆ. ಮೊಣಕಾಲೂರಿ ತಪ್ಪಾಯಿತು ಎನ್ನಲು ಎರಡು ಸಲ ಕರೆದರು. ಎರಡು ಸಲವೂ ನನ್ನ ಮೊಣಕಾಲು ಬಾಗಲಿಲ್ಲ. ನಿನ್ನೆ ಸಾಲಿನಲ್ಲಿ ಎಲ್ಲರೂ ಹೂಂ ಅಂದರು. ನಿನ್ನಮ್ಮನ ಸರದಿ ಬಂದಾಗ ಪಕ್ಕದವಳು ಮೊಣಕೈಯಿಂದ ತಿವಿಯಬೇಕಾಯಿತು. ಆಮೇಲೆ ಅವಳೂ ಅಂದಳು. ಅವಳ ಮೇಲೆ ಕೋಪ ಮಾಡಿಕೊಳ್ಳಬೇಡ.

ಶಾಲೆ ಹೋಯಿತು. ಅದು ನೋಯುತ್ತದೆ, ನೋಯುವುದಿಲ್ಲ ಎಂದು ನಿನಗೆ ಸುಳ್ಳು ಹೇಳುವುದಿಲ್ಲ. ಬೆಳಿಗ್ಗೆ ಮಕ್ಕಳು ಬೇಲಿಯ ಪಕ್ಕ ಹೋಗುವಾಗ ಒಳಗೇ ಇರುತ್ತೇನೆ. ಊರು ಬಿಡುವುದಿಲ್ಲ. ಮನೆ ನನ್ನದು, ಕೋಳಿ ನನ್ನವು, ನಾನ್ಯಾಕೆ ಹೋಗಲಿ. ರಸಾಯನಶಾಸ್ತ್ರದ ಪುಸ್ತಕದಲ್ಲಿ ಹನ್ನೆರಡನೇ ಅಧ್ಯಾಯ ಶುರು ಮಾಡಿದ್ದೇನೆ. ನೀನು ಆ ಕೋರ್ಸಿನಲ್ಲಿ ಓದುವ ಪುಸ್ತಕಗಳನ್ನು ಮುಗಿದ ಮೇಲೆ ಇಲ್ಲಿಗೆ ತಾ. ಮುಂದಿನ ವರ್ಷ ಸಭೆಗೆ ಸೇರುವ ವಯಸ್ಸಿನ ಹುಡುಗಿಯರು ಇಬ್ಬರು ಆಗಲೇ ಹಿಂಬಾಗಿಲಿಂದ ಬಂದು, "ಅವಳು ಏನು ಓದಿದ್ಲು?" ಅಂತ ಕೇಳಿದ್ದಾರೆ. ಓದಬೇಕೆಂಬ ಮನಸ್ಸಿದ್ದರೆ ಮೊದಲು ಕೇಳಿ, ಆಮೇಲೆ ನೀರಿಗೆ ತಲೆ ಕೊಡಿ ಎಂದು ಹೇಳಿ ಕಳಿಸಿದೆ.

ಕ್ರಿಸ್‌ಮಸ್ಸಿಗೆ ಬಾ. ನಿನ್ನಪ್ಪ ನನಗಾಗಿ ಮೂಲೆಯ ಆ ಸಣ್ಣ ಮೇಜನ್ನು ಮತ್ತೆ ಕೆಳಗಿಳಿಸಿ, ಅದರ ಕಾಲು ಬಿಗಿ ಮಾಡಿದ. ಬೇರೆ ಬಟ್ಟೆ ಹಾಸಿದ್ದಾರೆ. ನಾನು ಒಂದು ಕುರ್ಚಿ ಹಾಕಿಕೊಂಡು ಕೂತೆ. ನಾನು ಏನೂ ಕೇಳಿರಲಿಲ್ಲ, ಅವನೇ ಎದ್ದು ಹೋಗಿ ಎದುರಿಗೆ ಇನ್ನೊಂದು ಕುರ್ಚಿ ತಂದಿಟ್ಟ. ನಿನ್ನ ಹೆಸರು ಹೇಳಲಿಲ್ಲ.

ಇನ್ನು ಆ ಮೇಜಿಗೆ ನಾವಿಬ್ಬರು. ಬ್ರೆಡ್ಡು, ಬೆಣ್ಣೆ, ಕಾಫಿ, ಏನು ಬೇಕಾದರೂ ಕೈಯಿಂದ ಕೈಗೆ ದಾಟಿಸಿಕೊಳ್ಳಬಹುದು. ಸಕ್ಕರೆ ಕಡಿಮೆ ಹಾಕು.

ಸಾವಿಲ್ಲಾ